ಗುಂಡನಿಗೆ ಕಳಿಸಿದ ಅಡುಗೆ ಸಾಮಾನು

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಿಂದ,
ಜುಲೈ ೧೪, ಬೆಳಿಗ್ಗೆ

ಮುದ್ದಿನ ತಮ್ಮ ಗುಂಡನಿಗೆ,

ಹೇಗಿದ್ದೀಯೋ? ನಿನ್ನ ಹೆಂಡತಿಯ ಸೊಂಟನೋವು ಕಡಿಮೆಯಾಯಿತೇ? ನಿನ್ನ ಹೊಟ್ಟೆಯ ವಿಚಾರ ಕೇಳುವುದಿಲ್ಲ, ಕಲ್ಲು ತಿಂದರೂ ಕರಗಿಸುವ ಹೊಟ್ಟೆ ಅದು. ಇಲ್ಲಿ ಅಪ್ಪ ಆಸ್ಪತ್ರೆಯಿಂದ ಬಂದು ಚೇತರಿಸಿಕೊಂಡಿದ್ದಾರೆ. ಕಾಲಿನ ಊತ ಇಳಿದಿದೆ, ಉಸಿರು ಸಲೀಸಾಗಿದೆ. ನನ್ನ ಗಿರಾಕಿಗಳ ಮುಂದೆ, ತಾವು ಬಸ್ಸು ಓಡಿಸುತ್ತಿದ್ದ ಕಾಲದ ಬಡಾಯಿಯೂ ಮತ್ತೆ ಶುರುವಾಗಿದೆ. ನೀನು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಚಪ್ಪಲಿ ಅಂಗಡಿಯಲ್ಲಿ ರಿಯಾಯಿತಿ ಮಾರಾಟ, ಮ್ಯಾನೇಜರ್ ನಾನೇ ಇಲ್ಲದಿದ್ದರೆ ನಡೆಯುವುದಿಲ್ಲ ಎಂದೆ. ಇರಲಿ ಬಿಡು, ಊರಿನವರ ಕಾಲಿಗಾದರೂ ಜೋಡು ಸಿಕ್ಕಿತಲ್ಲ.

ಈ ಪತ್ರದ ಜೊತೆ ಬಂದ ರಟ್ಟಿನ ಪೆಟ್ಟಿಗೆಗಳನ್ನು ನೋಡಿ ಗಾಬರಿಯಾಗಬೇಡ. ಅಕ್ಕನ ಉಡುಗೊರೆ ಎಂದುಕೋ. ದೊಡ್ಡದರಲ್ಲಿ ಸ್ಟೀಮರ್ ಇದೆ. ಅಪ್ಪನ ಹೃದಯ ಸೋತಿದೆ, ಅಡುಗೆಗೆ ಉಪ್ಪು ಹಾಕಬೇಡಿ ಎಂದು ಡಾಕ್ಟರಮ್ಮ ಹೇಳಿದ ದಿನವೇ ಕೊಂಡದ್ದು. ತರಕಾರಿಯನ್ನು ನೀರಿನಲ್ಲಿ ಮುಳುಗಿಸಿ ಬೇಯಿಸಿದರೆ ರುಚಿಯೆಲ್ಲ ನೀರುಪಾಲು, ಆಮೇಲೆ ಉಪ್ಪು ಬೇಕೆನಿಸುತ್ತದೆ. ಹಬೆಯಲ್ಲಿ ಬೆಂದ ಕ್ಯಾರೆಟ್ಟಿನ ಸಿಹಿ ಎಲ್ಲಿಗೂ ಹೋಗುವುದಿಲ್ಲ. ಹುರುಳಿಕಾಯಿಯನ್ನು ಹಸಿರಾಗಿರುವಾಗಲೇ ತೆಗೆ, ಇದನ್ನು ಓದುತ್ತಿರುವ ನಿನ್ನ ಮುಖದ ಹಾಗೆ ಬಾಡುವವರೆಗೆ ಬಿಡಬೇಡ. ಅದರ ಪಕ್ಕದ್ದು ಏರ್ ಫ್ರೈಯರ್. ಆಲೂಗಡ್ಡೆಗೆ ಚೂರು ಎಣ್ಣೆ ಸವರಿ, ಬೆಳ್ಳುಳ್ಳಿ, ಕಾಳುಮೆಣಸು ಹಚ್ಚಿ ಒಳಗಿಟ್ಟರೆ ಗರಿಗರಿಯಾಗಿ ಬರುತ್ತದೆ. ಹಲ್ಲಿಗೆ ಕೆಲಸ ಸಿಕ್ಕರೆ ನಾಲಿಗೆಯ ತಕರಾರು ಸ್ವಲ್ಪ ತಗ್ಗುತ್ತದೆ. ಚಿಕ್ಕ ಮಿಕ್ಸಿ ಮಸಾಲೆಗೆ ಮಾತ್ರ. ಜೀರಿಗೆ, ಕೊತ್ತಂಬರಿ ಬೀಜ ಹುರಿದು ಬೇಕಾದಾಗ ಬೇಕಾದಷ್ಟೇ ಪುಡಿ ಮಾಡಿಕೋ. ಅಂಗಡಿಯ ಮಸಾಲೆ ಪೊಟ್ಟಣ ಹರಿದು ಸುರಿದೀಯೆ, ಜೋಕೆ! ಎಷ್ಟೋ ಪೊಟ್ಟಣಗಳಲ್ಲಿ ಉಪ್ಪು ಸೇರಿಸಿರುತ್ತಾರೆ. ಡಬ್ಬಿಯಲ್ಲಿ ಬರುವ ಕಾಳಿನ ಕಥೆಯೂ ಅದೇ. ಒಣಕಾಳು ನೆನೆಸಿ ಪ್ರೆಶರ್ ಕುಕ್ಕರಿನಲ್ಲಿ ಕೂಗಿಸು. ಹಳೆಯ ಕುಕ್ಕರು, ಸೀಟಿ ಹಾಕುವ ಮೊದಲು ಬುಸುಗುಡುತ್ತದೆ, ಹೆದರಿ ಓಡಬೇಡ. ಕೊನೆಗೆ ನಿಂಬೆಹಣ್ಣು ಹಿಂಡು.

ಇದೆಲ್ಲ ನನ್ನ ಕೈಗೆ ಹತ್ತುವವರೆಗೆ ಅಪ್ಪ ದಿನಾ ತಟ್ಟೆ ತಳ್ಳುತ್ತಿದ್ದರು. ಬಟ್ಟೆ ಕತ್ತರಿಸುವುದನ್ನು ಬಿಟ್ಟು ಓಡಿಬಂದು ಮತ್ತೆ ಬೇಯಿಸುತ್ತಿದ್ದೆ. ಆಗ ನೀನು ರಜೆಗೆ ಬಂದೆ. ಚಿಕ್ಕಮ್ಮ, ದೊಡ್ಡಪ್ಪ ಎಲ್ಲ ಊಟಕ್ಕೆ ಕೂತಿದ್ದಾಗ, "ಅಕ್ಕ ಅಪ್ಪಂಗೆ ಜೈಲೂಟ ಹಾಕ್ತಿದಾಳೆ. ಒಂದು ತಿಂಗಳು ನನ್ನ ಹತ್ರ ಬಿಡಿ, ಹೇಗೆ ಮೈಕೈ ತುಂಬ್ಕೋತಾರೆ ನೋಡಿ" ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಹಲ್ಲು ಕಚ್ಚಿಕೊಂಡು ಬಡಿಸಿದೆ. ನೀನು ಹೊರಟುಹೋದ ಮೇಲೆ ನೋಡು, ಪವಾಡ! ಅಪ್ಪ ತಟ್ಟೆ ಬಳಿದು ತಿನ್ನತೊಡಗಿದರು. "ಈಗ ನಿನ್ನ ಕೈ ಕುದುರ್ತು ಮಗಳೇ, ನಿಮ್ಮಮ್ಮ ಮಾಡಿದ ಹಾಗೇ ಇದೆ" ಎಂದರು. ಅಂಥ ಮಾತು ನನಗೆ ಯಾರು ಹೇಳಿದ್ದರು? ಒಳಗೆ ಹೋಗಿ ಅತ್ತೆ ಕಣೋ. ಆ ಸ್ಟೀಮರನ್ನು ಮಗುವಿನ ಮೈ ಒರೆಸಿದ ಹಾಗೆ ಒರೆಸಿಟ್ಟೆ.

ಆಮೇಲೆ ಅವರ ಕಾಲು ಊದಿತು. ಮಲಗಿದರೆ ಉಸಿರು ಕಟ್ಟತೊಡಗಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲರೆದುರು ನನ್ನನ್ನೇ ಗದರಿದರು: "ಉಪ್ಪು ಬೇಡ ಅಂದ್ರೆ ಅರ್ಥ ಆಗಲ್ವೇನಮ್ಮ?" ಹಾಕಿಲ್ಲ ಎಂದು ಆಣೆ ಇಟ್ಟೆ. ಅಷ್ಟರಲ್ಲಿ ನರ್ಸು ಅಪ್ಪನ ಕೋಟು ಮಡಚುತ್ತ ಜೇಬಿನಿಂದ ಒಂದು ಪೌಡರ್ ಡಬ್ಬಿ ತೆಗೆದಳು. ಅಲ್ಲಾಡಿಸಿದರೆ ಅವಳ ಅಂಗೈಗೆ ಬಿದ್ದದ್ದು ಉಪ್ಪು. "ಗುಂಡ ಕೊಟ್ಟಿದ್ದು" ಎಂದು ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು.

ಅಪ್ಪ ಸಾಯುತ್ತಿದ್ದರೋ! ಅದಕ್ಕೆ ನಿನಗೆ ಕ್ಷಮೆ ಇಲ್ಲ. ಆದರೆ ನಿಜ ಹೇಳಲೇ? ಅದಕ್ಕಿಂತಲೂ ಹೆಚ್ಚು ಉರಿಯುವುದು ಆ ಹೊಗಳಿಕೆ ನೆನೆದಾಗ. ನಾನು ಕಣ್ಣೀರು ಹಾಕಿದ್ದು ನಿನ್ನ ಡಬ್ಬಿಯ ಪುಣ್ಯಕ್ಕೆ. ಅಪ್ಪನ ಮೇಲೂ ಸಿಟ್ಟಿದೆ, ದಿನಾ ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದರಲ್ಲ. ಈ ಹೊಟ್ಟೆಯುರಿ ತಣ್ಣಗಾಗಲು ನಾನೂ ಏನಾದರೂ ಮಾಡಬೇಕಿತ್ತು, ಮಾಡಿದ್ದೇನೆ.

ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು. ಅವಳನ್ನು ಒಲೆಯ ಮುಂದೆ ನಿಲ್ಲಿಸಿದೆಯೋ, ನಾನೇ ಅಲ್ಲಿಗೆ ಬರುತ್ತೇನೆ. ಸೊಂಟ ಗಟ್ಟಿ ಇರುವವನು ನೀನು. ನಿನಗೆ ಆಯುಸ್ಸೂ, ಅದರ ಜೊತೆಗೆ ಒಂದಿಷ್ಟು ಬುದ್ಧಿಯೂ ಸಿಗಲಿ.

ನಿನ್ನ,
ಜೈಲರ್ ಅಕ್ಕ

ಮರೆತಿದ್ದೆ: ಪೆಟ್ಟಿಗೆ ಇಳಿಸಿಕೊಂಡ ಕೂಡಲೇ ಗಾಡಿಯವನನ್ನು ಕಳಿಸಬೇಡ. ಮುಂದಿನ ಸೀಟಿನಲ್ಲಿ ಅಪ್ಪ ಕೂತಿದ್ದಾರೆ. ಪ್ರಯಾಣ ಮಾಡಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ, ಮಾತ್ರೆಗಳು ಕೈಚೀಲದಲ್ಲಿವೆ. ನೀನು ಕೇಳಿದ ಒಂದು ತಿಂಗಳು ಕೊಟ್ಟಿದ್ದೇನೆ, ಚಿಕ್ಕಮ್ಮ, ದೊಡ್ಡಪ್ಪನಿಗೂ ಹೇಳಿಯಾಗಿದೆ. "ಗುಂಡನ ಮನೇಲಿ ಬಾಯ್ತುಂಬ ತಿಂತೀನಿ" ಎಂದು ಅಪ್ಪ ಕುಣಿದುಕೊಂಡು ಗಾಡಿ ಹತ್ತಿದರು. ಅಲ್ಲಿಯೂ ಉಪ್ಪಿಲ್ಲ ಎಂದು ನಾನು ಹೇಳಿಲ್ಲ, ನೀನೇ ಹೇಳು.