ನನ್ನ ಗೆಲಾಕ್ಸಿಯನ್ನು ತಿದ್ದಿದವನಿಗೆ

ಆಗಸ್ಟ್ ೧೯

ಗುಂಡಾ,

ನಾನು ಕ್ಷೇಮ. ನೀನು ಚೆನ್ನಾಗಿಯೇ ಇರುತ್ತೀಯ, ಕೇಳುವ ಅಗತ್ಯವಿಲ್ಲ. ನಿನ್ನ ಮೆಸೇಜುಗಳಿಗೆ ಇಷ್ಟು ದಿನ ಉತ್ತರ ಕೊಡಲಿಲ್ಲ, ತಪ್ಪಾಯಿತು. ಪುಸ್ತಕ ಬಿಡುಗಡೆಯಾದ ದಿನವೇ ಬರೆದಿದ್ದರೆ ಬಾಯಿಗೆ ಬಂದದ್ದೆಲ್ಲ ಬರೆದುಬಿಡುತ್ತಿದ್ದೆ. ಈಗಲೂ ಕೋಪ ಇಳಿದಿಲ್ಲ, ಮಾತು ಆರಿಸಿ ಬರೆಯುತ್ತಿದ್ದೇನೆ ಅಷ್ಟೆ.

ನಮ್ಮ ಆಕಾಶ ವೀಕ್ಷಕರ ಸಂಘದ ಪುಸ್ತಕಕ್ಕೆ ನೀನು ಸಂಪಾದಕ, ಒಪ್ಪಿದೆ. ಮುಖಪುಟ ನಿನ್ನಿಷ್ಟ, ಬೆನ್ನುಡಿ ನಿನ್ನಿಷ್ಟ. ನನ್ನ ಗೆಲಾಕ್ಸಿಯ ಚಿತ್ರಕ್ಕೆ ಕೈ ಹಾಕು ಎಂದು ಯಾರು ಹೇಳಿದ್ದರು?

ನಾನು ಚಿತ್ರ ಹೇಗೆ ಬರೆಯುತ್ತೇನೆಂದು ಈಗಲಾದರೂ ತಿಳಿದುಕೋ. ಕಂಪ್ಯೂಟರಿನ ನಕ್ಷತ್ರ ನಕ್ಷೆಯಲ್ಲಿ ನೋಡಬೇಕಾದ ಜಾಗವನ್ನು ಮೊದಲೇ ತೆಗೆದು, ಸುತ್ತಲಿನ ನಕ್ಷತ್ರಗಳನ್ನು ಬರೀ ಚುಕ್ಕೆಗಳಾಗಿ ಮುದ್ರಿಸಿಕೊಳ್ಳುತ್ತೇನೆ. ಗೆಲಾಕ್ಸಿಯ ಜಾಗ ಖಾಲಿ. ಅದನ್ನು ಕತ್ತಲಲ್ಲಿ ನಿಂತು, ಕಣ್ಣಾರೆ ನೋಡಿ, ಪೆನ್ಸಿಲ್ ಪುಡಿಯನ್ನು ಬೆರಳಲ್ಲಿ ತೀಡಿ ತುಂಬಬೇಕು. ನನ್ನ ದೂರದರ್ಶಕದಲ್ಲಿ ಕಣ್ಣಿಡುವ ಕಡೆ ಒಂದು ಕನ್ನಡಿ ಇದೆ. ಅದರಿಂದ ಎಡದ್ದು ಬಲಕ್ಕೆ ಕಾಣುತ್ತದೆ. ಹಾಗಾಗಿ ನಕ್ಷೆಯನ್ನೂ ಎಡಬಲ ತಿರುಗಿಸಿಯೇ ಮುದ್ರಿಸುತ್ತೇನೆ. ನಮ್ಮಲ್ಲಿ ನಿನ್ನೆ ಮೊನ್ನೆ ಸೇರಿದವರಿಗೂ ಇದು ಗೊತ್ತು.

ಸಂಪಾದಕರಿಗೆ ಮಾತ್ರ ಗೊತ್ತಿರಲಿಲ್ಲ. ನೀನು ನಕ್ಷೆಯನ್ನು ತಿರುಗಿಸದೆ ನನ್ನ ಚಿತ್ರದ ಮೇಲಿಟ್ಟು ನೋಡಿದೆ. ಒಂದು ಚುಕ್ಕೆಯೂ ತಾಳೆಯಾಗಲಿಲ್ಲ. ಮಹಾನುಭಾವ, ಕಂಪ್ಯೂಟರಿನಲ್ಲಿ ನಕ್ಷತ್ರಗಳನ್ನೆಲ್ಲ ಅಳಿಸಿ ನಕ್ಷೆಯಲ್ಲಿದ್ದ ಕಡೆ ಕೂರಿಸಿದೆ, ಗೆಲಾಕ್ಸಿಯನ್ನು ಮಾತ್ರ ಇದ್ದ ಹಾಗೇ ಬಿಟ್ಟೆ. ಈಗ ಪುಸ್ತಕದಲ್ಲಿರುವ ನೋಟ ಆಕಾಶದಲ್ಲೂ ಇಲ್ಲ, ಕನ್ನಡಿಯಲ್ಲೂ ಇಲ್ಲ. ಅದರ ಕೆಳಗೆ ನನ್ನ ಹೆಸರಿದೆ.

ಬಿಡುಗಡೆಯ ಸಭೆಯಲ್ಲಿ ನಮ್ಮ ಸಂಘದ ಆ ಹಲ್ಲಿನ ಡಾಕ್ಟರು ಎದ್ದು, "ಇದನ್ನ ನಿಜವಾಗ್ಲೂ ನೋಡಿ ಬರೆದ್ರಾ?" ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಮೈಕ್ ಹಿಡಿದೆ. "ಅಕ್ಕನ ಕಣ್ಣು ಮಂಜಾಗಿದೆ ಸಾರ್. ಪಾಪ, ಚುಕ್ಕೆಗಳೆಲ್ಲ ಅಡ್ಡಾದಿಡ್ಡಿ ಬಿದ್ದಿದ್ವು. ನಾನೇ ಕೂತು ಸರಿ ಮಾಡಿದೀನಿ." ಅದಕ್ಕೆ ಚಪ್ಪಾಳೆ ಬೇರೆ! ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನ ನಿನ್ನ ಹೆಂಡತಿ ಫೋನ್ ಮಾಡಿ ನಿನಗೆ ವಕಾಲತ್ತು ವಹಿಸಿದಳು: "ಅವ್ರು ನಿಮ್ಮ ಮರ್ಯಾದೆ ಉಳಿಸೋಕೇ ಮಾಡಿದ್ದು ಅತ್ತಿಗೆ." ನನ್ನ ಮರ್ಯಾದೆ ನನ್ನ ಹತ್ತಿರ ಭದ್ರವಾಗಿಯೇ ಇತ್ತು. ಅವಳಿಗೆ ಏನೂ ಅನ್ನಲಿಲ್ಲ, ನಿನ್ನನ್ನು ಕಟ್ಟಿಕೊಂಡು ಅವಳು ಅನುಭವಿಸುತ್ತಿರುವುದೇ ಸಾಕು.

ಮಾರದೆ ಉಳಿದ ಪ್ರತಿಗಳಲ್ಲೆಲ್ಲ ನನ್ನ ಮೂಲ ಚಿತ್ರವನ್ನು ಮುದ್ರಿಸಿ ಅಂಟಿಸು. ಸಂಘದ ಮುಂದಿನ ಸಭೆಯಲ್ಲಿ, ಅದೇ ಮೈಕಿನಲ್ಲಿ, ತಪ್ಪು ಯಾರದೆಂದು ಹೇಳು. ಆಗದಿದ್ದರೆ ಆ ಚಿತ್ರದ ಕೆಳಗಿರುವ ನನ್ನ ಹೆಸರಿನ ಮೇಲೆ ಮಸಿ ಬಳಿ. ಅಲ್ಲಿಯವರೆಗೆ ನಮ್ಮ ಮನೆಯ ಮೆಟ್ಟಿಲು ಹತ್ತಬೇಡ.

ನಿನಗೂ ನಿನ್ನ ಹೆಂಡತಿಗೂ ಒಳ್ಳೆಯದಾಗಲಿ. ಮಗುವಿಗೆ ಮಾತ್ರ ಮನಸಾರೆ ಆಶೀರ್ವಾದ. ಅದು ಇನ್ನೂ ಯಾರ ಚಿತ್ರವನ್ನೂ ತಿದ್ದಿಲ್ಲ.

ಇಂತು,
ನಿನ್ನ ಅಕ್ಕ

ಮರೆತಿದ್ದೆ: ನನ್ನ ಕಣ್ಣು ಸರಿಯಾಗಿದೆ, ಮೊನ್ನೆ ತೋರಿಸಿಕೊಂಡು ಬಂದೆ. ಚಿತ್ರ ತಿದ್ದಿದ್ದು ಚಳಿಗಾಲದಲ್ಲೇ ಎಂದು ನಿನ್ನ ಹೆಂಡತಿ ಬಾಯಿಬಿಟ್ಟಳು. ಅಂದರೆ ಅಕ್ಕ ಕುರುಡಿಯಾಗುತ್ತಿದ್ದಾಳೆಂದು ನೀನು ಆಗಲೇ ನಂಬಿದ್ದೆ. ಆಮೇಲೆ ಎಷ್ಟೋ ಸಲ ಮನೆಗೆ ಬಂದೆ, ನಾನು ಬಡಿಸಿದ್ದನ್ನು ಉಂಡೆ, ಮುಖಪುಟದ ಬಣ್ಣಕ್ಕೆ ಜಗಳ ಆಡಿದೆ. "ಅಕ್ಕಾ, ಕಣ್ಣು ಹೇಗಿದೆ?" ಎಂದು ಒಂದು ಸಲವೂ ಕೇಳಲಿಲ್ಲವಲ್ಲೋ.