ಹತ್ತಿ ಬಿಡಿಸಿದ ಮುಯ್ಯಿ

ಕುಂದಗೋಳ ತಾಲೂಕು
ಮೇ ೧೯೮೫

ಜೀವದ ಗೆಳತಿ ಶಹನಾಜ,

ನಿಂತ ಕಾಲಲ್ಲೇ ಬರೆಯುತ್ತಿದ್ದೇನೆ. ಒಲೆಯ ಮೇಲೆ ಬೇಳೆ ಕುದಿಯುತ್ತಿದೆ, ಉಕ್ಕಿದರೆ ಉಕ್ಕಲಿ. ನಮ್ಮೂರಿಗೆ ಹೈಸ್ಕೂಲು ಬಂತು! ನಿನ್ನೆ ಶಿಕ್ಷಣ ಖಾತೆಯ ಸಾಹೇಬರು ಬಂದು ನಾವು ಕಟ್ಟಿದ ಮೂರೂ ಕೋಣೆ ನೋಡಿ, ಜೂನ್‌ನಿಂದಲೇ ಎಂಟನೇ ಇಯತ್ತೆ ಶುರು ಎಂದು ಎಲ್ಲರ ಮುಂದೆ ಹೇಳಿ ಹೋದರು. ನನ್ನ ಮಗಳು ಗೌರಕ್ಕ ಅಂಗಳದಲ್ಲಿ ಕುಣಿಯುತ್ತಿದ್ದಾಳೆ. ಅತ್ತೆ ಕಟ್ಟೆಯ ಮೇಲೆ ಕೂತಿರದಿದ್ದರೆ ನಾನೂ ಕುಣಿಯುತ್ತಿದ್ದೆ.

ಗೌರಕ್ಕ ಈ ವರ್ಷ ಏಳನೇ ಮುಗಿಸಿದಳು. ಹೆಣ್ಣುಮಗಳನ್ನು ದಿನಾ ಕುಂದಗೋಳಕ್ಕೆ ಕಳಿಸುವ ಮಾತಿಗೆ ನಮ್ಮ ಮನೆಯವರು ಸುತಾರಾಂ ಒಪ್ಪಲಿಲ್ಲ. "ಜೂನ್‌ದಾಗ ಊರಾಗ ಸಾಲಿ ಆದ್ರ ಓದ್ಲಿ, ಇಲ್ಲಂದ್ರ ನಮ್ಮಕ್ಕನ ಮಗಗ ಕೊಟ್ಟು ಅಕ್ಕಿಕಾಳು ಹಾಕೂಣು" ಎಂದುಬಿಟ್ಟಿದ್ದರು. ನಮ್ಮಿಬ್ಬರಿಗೂ ಆಗಿದ್ದು ಅದೇ ಅಲ್ಲವೇ?

ಊರವರು ಮೂರು ಕೋಣೆ ಕಟ್ಟಿಕೊಟ್ಟರೆ ಸರಕಾರ ಮಾಸ್ತರರನ್ನು ಕೊಡುತ್ತದೆ ಎಂದು ಮಾತಾಗಿತ್ತು. ಗಂಡಸರು ಅಗದಿ ಹುರುಪಿನಿಂದ ಕಾಯಿ ಒಡೆದರು, ಭಾಷಣ ಮಾಡಿದರು, ಅಡಿಪಾಯವನ್ನೂ ಹಾಕಿದರು. ಆಮೇಲೆ ನಾಳೆ, ನಾಡಿದ್ದು ಎನ್ನುತ್ತ ಹೋದರು. ಅಡಿಪಾಯದೊಳಗೆ ಆಡುಗಳು ಮಲಗತೊಡಗಿದವು. ಕಲ್ಲು ಕೊಡುತ್ತೇನೆಂದಿದ್ದ ಹೊಳೆಪ್ಪಗೌಡರನ್ನು ಕೇಳಿದರೆ, ಎತ್ತುಗಳಿಗೆ ಕಾಲುನೋವು ಎನ್ನುತ್ತಿದ್ದರು.

ಅಷ್ಟರಲ್ಲಿ ಹತ್ತಿ ಒಡೆಯಿತು. ಬಿಡಿಸುವುದು ಹೆಂಗಸರ ಕೆಲಸ, ನಿನಗೆ ಹೇಳಬೇಕೇ? ಕೆರೆಗೆ ನೀರಿಗೆ ಹೋದಾಗ ನನ್ನ ಸಂಕಟವನ್ನೆಲ್ಲ ತೋಡಿಕೊಂಡೆ. ಹತ್ತಿ ಬಿಡಿಸುವ ಹೆಂಗಸರ ಮುಂದಾಳು ದುರಗವ್ವ ಕೊಡ ಕೆಳಗಿಟ್ಟು, "ಹೊಲಕ್ಕ ನಾವು ಬರಬೇಕಂದ್ರ ಸಾಲಿ ಕಟ್ಟಾಕ ಅವರು ಬರ್ಲಿ. ಮುಯ್ಯಿ ಅಂದ್ರ ಮುಯ್ಯಿ" ಎಂದಳು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ದುಡಿಯುವ ಹಳೆಯ ಪದ್ಧತಿಯನ್ನು ಅವಳು ಸಾಲೆಯ ಗೋಡೆಗೆ ತಂದು ಕಟ್ಟಿದಳು. ಯಾವ ಮನೆಯ ಗಂಡಸು ಗೋಡೆಗೆ ಕೈ ಹಚ್ಚುತ್ತಾನೋ ಆ ಮನೆಯ ಹೊಲಕ್ಕೆ ಮಾತ್ರ ನಮ್ಮ ಕೈ.

ಮೊದಲು ಎಲ್ಲರೂ ನಕ್ಕರು. ಹೊಳೆಪ್ಪಗೌಡರು ಟ್ರ್ಯಾಕ್ಟರ್ ಕಳಿಸಿ ಬಾಜು ಊರಿನ ಹೆಂಗಸರನ್ನು ಕರೆಸಿದರು. ಅಲ್ಲೇ ಎಡವಿದರು ನೋಡು. ಆ ಊರಿಗೆ ನಮ್ಮೂರ ಹೆಣ್ಣುಮಕ್ಕಳನ್ನು ಕೊಟ್ಟಿರುವುದು ಅವರಿಗೆ ಮರೆತೇಹೋಗಿತ್ತು. ಬಂದವರು ದುರಗವ್ವನ ಮಾತು ಕೇಳಿ, ತವರಿನ ಕೆಲಸವೆಂದು ಸೆರಗು ಕಟ್ಟಿ ನಮ್ಮ ಸಂಗಡ ಸಾಲೆಯ ಗೋಡೆಗೆ ಮಣ್ಣು ಹೊರಲು ನಿಂತುಬಿಟ್ಟರು! ಗೌಡರು ಸಿಟ್ಟಿನಿಂದ ಮಕ್ಕಳನ್ನು ಕಟ್ಟಿಕೊಂಡು ತಾವೇ ಬಿಡಿಸಲು ಹೋದರು. ಸಂಜೆಗೆ ಕೈತುಂಬ ಗೀರು, ಹತ್ತಿಯ ತುಂಬ ಒಣ ಎಲೆಯ ಪುಡಿ. ಅದರ ಮೇಲೆ ಗಾಳಿ ಎದ್ದು, ಒಡೆದ ಹತ್ತಿಯೆಲ್ಲ ಎರೆಮಣ್ಣಿಗೆ ಉದುರತೊಡಗಿತು.

ಮರುದಿನ ಅವರ ಗಾಡಿ ಕಲ್ಲು ಹೇರಿಕೊಂಡು ಬಂತು. "ನಿಮ್ಮ ಗ್ವಾಡಿ ನಾ ಏಳಸ್ತೀನಿ, ನನ್ನ ಹತ್ತಿ ನೀವು ಉಳಸ್ರವ್ವಾ" ಎಂದರು. ಎತ್ತುಗಳ ಕಾಲು ಎಷ್ಟು ಗಟ್ಟಿಯಾಗಿದ್ದವೆಂದು ನೀನು ನೋಡಬೇಕಿತ್ತು. ಅವರ ಹಿಂದೆ ಊರೇ ಬಂತು. ನಮ್ಮ ಮನೆಯವರೂ ಧೋತರ ಎತ್ತಿ ಕಟ್ಟಿ ಕೆಸರು ತುಳಿದರು.

ಗೋಡೆ ಏಳುವಾಗೆಲ್ಲ ನನಗೆ ನಿನ್ನದೇ ನೆನಪು. ನಮ್ಮ ಏಳನೇ ಪರೀಕ್ಷೆಯ ಹೊತ್ತಿಗೂ ಹೀಗೇ ಹತ್ತಿ ಒಡೆದಿತ್ತು. ಹೊಲ ಬಿಟ್ಟು ಹೋಗಬೇಡ ಎಂದು ಅಪ್ಪ ಹಟ ಹಿಡಿದಾಗ, ನಿನ್ನ ಪರೀಕ್ಷೆ ಬಿಟ್ಟು ನನ್ನ ಸಾಲಿನ ಹತ್ತಿ ಬಿಡಿಸಲು ನಿಂತವಳು ನೀನು. "ನನ್ನ ಹೆಂಗೂ ಮುಂದ ಓದಸೂದಿಲ್ಲ, ನೀನರ ಬರದ ಬಾ" ಎಂದಿದ್ದೆ. ನಾನು ಬರೆದೆ, ಪಾಸಾದೆ. ನನ್ನನ್ನೂ ಓದಿಸಲಿಲ್ಲ. ಆದರೆ ಆ ಮುಯ್ಯಿ ಹಾಗೇ ಉಳಿದಿದೆ, ಶಹನಾಜ.

ಅದಕ್ಕೇ ಈ ಪತ್ರ. ನಿನ್ನ ರಜಿಯಾ ಹೋದ ವರ್ಷ ಏಳನೇ ಪಾಸಾಗಿ ಮನೆಯಲ್ಲೇ ಕೂತಿದ್ದಾಳೆ ಎಂದು ಬರೆದಿದ್ದೆಯಲ್ಲ, ಅವಳನ್ನು ಕಳಿಸು. ಇಲ್ಲೇ ನಿನ್ನ ತವರಿಗೆ ಹೋಗಿ ನಿನ್ನ ಅವ್ವನನ್ನು ಕೇಳಿದೆ, ಮೊಮ್ಮಗಳಿಗೆ ಈಗಲೇ ಹಾಸಿಗೆ ಬಿಸಿಲಿಗೆ ಹಾಕಿದ್ದಾರೆ. ಊಟ ಅಲ್ಲಿ ಮಾಡಲಿ, ಇಲ್ಲಿ ಮಾಡಲಿ, ಓದುವುದು ಗೌರಕ್ಕನ ಸಂಗಡ. ನಿಮ್ಮ ಮನೆಯವರು ಹಜರತಅಲಿ ಭಾವ ಬೇಡವೆಂದರೆ, ದುರಗವ್ವನನ್ನು ಕರೆದುಕೊಂಡು ನಾನೇ ಬರುತ್ತೇನೆಂದು ಹೇಳು. ನಿಮ್ಮೂರಲ್ಲೂ ಹತ್ತಿ ಬೆಳೆಯುತ್ತದಲ್ಲ?

ನಮ್ಮ ಹುಡುಗಿಯರ ಬೆರಳಿಗೆ ಶಾಯಿ ಹತ್ತಲಿ. ಇಬ್ಬರೂ ಪರೀಕ್ಷೆ ಬರೆಯಲಿ.

ನಿನ್ನ ಮಗಳ ದಾರಿ ಕಾಯುತ್ತಿರುವ,
ರೇವವ್ವ