ಬಾಗಿಲಿಲ್ಲದ ಕುಲುಮೆ

ಮಾರ್ಚ್ ೩, ಸೋಮವಾರ

ಇವತ್ತೂ ಕೆಂಪು. ಬರೀ ಕೆಂಪು. ಪ್ರೋಪೇನ್ ಗ್ಯಾಸಿನ ಕುಲುಮೆ ಒಂದು ಗಂಟೆ ಬುಸುಗುಟ್ಟಿತು, ಉಕ್ಕಿನ ಸರಳು ನಾಚಿಕೊಂಡ ಹಾಗೆ ಕೆಂಪಾಯಿತು, ಅಷ್ಟೇ. ಹಳದಿಗೆ ಬಂದರೆ ಮಾತ್ರ ಸುತ್ತಿಗೆಗೆ ಬಗ್ಗುತ್ತದೆ. ಈಗ ಹೊಡೆದರೆ ಠಣ್ ಅನ್ನುತ್ತದೆ, ನನ್ನ ಮೊಣಕೈ ಜುಮ್ ಅನ್ನುತ್ತದೆ. ಸರಳು ಹೇಗಿತ್ತೋ ಹಾಗೇ.

ಭಾವ ಗ್ರಿಲ್ ಅಂಗಡಿಯಿಂದ ಎದ್ದು, ನನಗೆ ಬಿಟ್ಟುಕೊಟ್ಟಿರುವ ತಮ್ಮ ಶೆಡ್ಡಿಗೆ ಬಂದು ನಿಂತರು. ದಿನವಿಡೀ ಕಂಡವರ ಕಿಟಕಿಗೆ ಸರಳು ಹಾಕಿ ಜನರನ್ನು ಅವರವರ ಮನೆಯಲ್ಲೇ ಕೂಡಿಹಾಕುವ ಮನುಷ್ಯ. "ಏನಪ್ಪಾ ಕ್ರಾಂತಿಕಾರಿ, ಚಳಿ ಕಾಯಿಸ್ಕೋತಾ ಇದ್ದೀಯಾ?" ಉತ್ತರಕ್ಕೂ ಯೋಗ್ಯತೆ ಬೇಕು — ಕೇಳುವವರಿಗೆ.

ಹೋಗುವಾಗ ಅಂದರು: "ಹದಿನಾರನೇ ತಾರೀಕು ಭಾನುವಾರದವರೆಗೆ ನೋಡ್ತೀನಿ. ಒಂದು ಉಳಿನಾದ್ರೂ ಮಾಡಿ ತೋರಿಸು. ಇಲ್ಲಾಂದ್ರೆ ಶೆಡ್ಡು ನನ್ನ ಪೈಪುಗಳಿಗೆ."

ರೋಷ ಬಂತು. ಹೋಗಿ ಇಡೀ ಓಣಿಯನ್ನೇ ಕರೆದುಬಿಟ್ಟೆ. ಭಾನುವಾರ ಬನ್ನಿ, ನೋಡಿ.

ಮಾರ್ಚ್ ೫

ತಮ್ಮ ಸಲಕರಣೆ ತಾವೇ ಮಾಡಿಕೊಳ್ಳುವವರ ಕೂಟದ ಸಭೆ. ಹಾಜರಿದ್ದವರು: ನಾನು, ನರ್ಸ್. ಇಬ್ಬರೇ ಸದಸ್ಯರು. ಅವಳು ಆಸ್ಪತ್ರೆ ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಬರುತ್ತಾಳೆ. ಉಳಿದವರು ನನ್ನ ಕರಪತ್ರ ಓದಿ ತಲೆಯಾಡಿಸಿ ಮನೆಗೆ ಹೋದವರು. ತನ್ನ ಸಲಕರಣೆ ತಾನೇ ಮಾಡಿಕೊಳ್ಳದವನು ಗುಲಾಮ — ಒಪ್ಪುತ್ತಾರೆ. ಒಪ್ಪಿ, ಅಂಗಡಿಗೆ ಹೋಗಿ ಉಳಿ ಕೊಳ್ಳುತ್ತಾರೆ. ಥೂ.

ಅವಳ ಪ್ರಸ್ತಾಪ: ಎರಡೂ ತುದಿ ತೆರೆದಿರುವ ಕುಲುಮೆಯ ಹಿಂದಿನ ಬಾಯಿಗೆ ಬೆಂಕಿ ತಾಳುವ ಎರಡು ಇಟ್ಟಿಗೆ ಅಡ್ಡ ಇಡುವುದು. "ಬಿಸಿಯೆಲ್ಲ ಹಿಂದೆ ಹೋಗ್ತಿದೆ ಕಣೋ. ನನ್ನ ಬೆನ್ನು ಬೆಂದುಹೋಯ್ತು, ಕಬ್ಬಿಣ ಬೇಯ್ತಿಲ್ಲ."

ವಿವರಿಸಿದೆ. ನಿಯಮ ನಾಲ್ಕು: ನಮ್ಮಲ್ಲಿ ಯಾವುದಕ್ಕೂ ಬಾಗಿಲಿಲ್ಲ. ಶೆಡ್ಡಿನ ಬಾಗಿಲನ್ನೇ ಕಿತ್ತು ಮೇಜು ಮಾಡಿದವರು ನಾವು. ಮುಂದೆ ನಿಂತವನಿಗೂ ಹಿಂದೆ ನಿಂತವನಿಗೂ ಬೆಂಕಿ ಕಾಣಬೇಕು. ಮುಚ್ಚಿದ ಕುಲುಮೆಯಿಂದ ಕಸುಬಿನ ಗುಟ್ಟು ಹುಟ್ಟುತ್ತದೆ, ಗುಟ್ಟಿನಿಂದ ಯಜಮಾನ ಹುಟ್ಟುತ್ತಾನೆ.

"ಎರಡು ಇಟ್ಟಿಗೆಯಿಂದ ಯಜಮಾನ ಹುಟ್ತಾನಾ?"

ಮತಕ್ಕೆ ಹಾಕಿದೆ. ಪರ ಒಂದು, ವಿರೋಧ ಒಂದು. ಸಮ ಬಂದರೆ ಪ್ರಸ್ತಾಪ ಬಿದ್ದಂತೆ, ನಿಯಮ ಒಂಬತ್ತು.

"ಅದನ್ನ ಯಾವಾಗ ಬರೆದೆ?"

ಈಗ, ಎಂದೆ. ಎದ್ದು ಹೋದಳು.

ಮಾರ್ಚ್ ೮

ಗ್ಯಾಸ್ ಹೆಚ್ಚಿಸಿದೆ. ಬೆಂಕಿ ಸಾಲದಿದ್ದರೆ ಇನ್ನಷ್ಟು ಬೆಂಕಿ, ಇದರಲ್ಲಿ ಚರ್ಚೆ ಏನು? ಮೊದಲು ಜೋರಾಯಿತು. ಆಮೇಲೆ ಸಿಲಿಂಡರ್ ಮೈಮೇಲೆ ಬಿಳಿ ಮಂಜು ಕಟ್ಟಿತು. ಅವಸರವಾಗಿ ಗ್ಯಾಸ್ ಎಳೆದರೆ ಸಿಲಿಂಡರ್ ತಣ್ಣಗಾಗಿ ಒತ್ತಡ ಬೀಳುತ್ತದಂತೆ. ಜ್ವಾಲೆ ಕೆಮ್ಮಿ ಕೆಮ್ಮಿ ಕೂತುಬಿಟ್ಟಿತು. ಭಾವ ಆ ಮಂಜಿನ ಮೇಲೆ ಬೆರಳಿನಿಂದ ಹೂವು ಬಿಡಿಸಿದರು. "ಬಾರೇ ಇಲ್ಲಿ, ನಿನ್ನ ತಮ್ಮ ಐಸ್‌ಕ್ರೀಂ ಮಾಡ್ತಿದ್ದಾನೆ." ಅಕ್ಕ ನಗಲಿಲ್ಲ, ಸೆರಗು ಬಾಯಿಗೆ ಹೋಯಿತು. ಅದೂ ನಗುವೇ.

ನರ್ಸ್ ಬರಲಿಲ್ಲ. ಬೇಡ.

ಮಾರ್ಚ್ ೧೪, ಶುಕ್ರವಾರ, ಸಂಜೆ

ಬರೆಯಲು ಏನಿತ್ತು? ಗಾಳಿ ಕಿಂಡಿ ತಿರುಗಿಸಿದೆ, ಬರ್ನರ್ ಬಿಚ್ಚಿ ಉಜ್ಜಿದೆ, ಸಿಲಿಂಡರನ್ನು ಅಕ್ಕನ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಕೂರಿಸಿದೆ, ಕೂಸಿನ ಹಾಗೆ. ಕೆಂಪು.

ಇವತ್ತು ಭಾವ ಹಿಂದಿನ ಬಾಯಿಯ ಆಚೆ ಕುಕ್ಕರಗಾಲಲ್ಲಿ ಕೂತು ಇಣುಕಿದರು. ಬೆಂಕಿಯ ಸುರಂಗದ ಆ ತುದಿಯಲ್ಲಿ ಅವರ ಮುಖ. "ಕಾಣ್ತೀನಾ? ಎಲ್ಲರಿಗೂ ಎಲ್ಲಾ ಕಾಣ್ಬೇಕಲ್ವಾ!" ಸಹಿಸಲಾಗಲಿಲ್ಲ. ಎರಡು ಇಟ್ಟಿಗೆ ತೆಗೆದು ಆ ಮುಖಕ್ಕೆ ಅಡ್ಡ ಇಟ್ಟೆ. ಮುಖಕ್ಕೆ. ಕುಲುಮೆಗಲ್ಲ.

ಸದ್ದು ಬದಲಾಯಿತು. ಬುಸುಗುಡುವುದು ಹೋಗಿ ತುಂಬಿಕೊಂಡ ಗುಡುಗು... ಒಳಗೋಡೆ ಕಿತ್ತಳೆ... ಹಳದಿ. ಸರಳು ಎಲ್ಲಿದೆ ಎಂದೇ ಗೊತ್ತಾಗಲಿಲ್ಲ, ಬೆಳಕಿನಲ್ಲಿ ಬೆಳಕಾಗಿತ್ತು. ಎಳೆದು ರೈಲು ಕಂಬಿಯ ತುಂಡಿನ ಮೇಲಿಟ್ಟು ಹೊಡೆದೆ. ಠಣ್ ಇಲ್ಲ. ಧಪ್. ಬಗ್ಗಿತು. ಬಗ್ಗಿತು!

ಇಟ್ಟಿಗೆ ತೆಗೆದೆ — ಕೆಂಪು. ಇಟ್ಟೆ — ಹಳದಿ. ತೆಗೆದೆ. ಇಟ್ಟೆ. ಈ ಬೆಂಕಿಗೆ ತತ್ವ ಅನ್ನುವುದೇ ಇಲ್ಲ. ನಾಚಿಕೆಗೆಟ್ಟದ್ದು.

ಮಾರ್ಚ್ ೧೫

ಬಗ್ಗಿಸುವುದು ಒಬ್ಬನಿಂದ ಆಗುತ್ತದೆ. ಉಳಿ ಆಗುವುದಿಲ್ಲ. ಇಕ್ಕಳ ಹಿಡಿದು ಸರಳು ತಿರುಗಿಸಲು ಒಬ್ಬರು, ಹೊಡೆಯಲು ಒಬ್ಬರು. ಆಸ್ಪತ್ರೆ ಗೇಟಿನಲ್ಲಿ ಕಾದೆ. ನರ್ಸ್ ಬಂದಳು. ಇಟ್ಟಿಗೆಯನ್ನು ತಾತ್ಕಾಲಿಕವಾಗಿ, ಪ್ರಾಯೋಗಿಕವಾಗಿ... ಎಂದು ಶುರುಮಾಡಿದೆ.

"ಅಂದ್ರೆ ನಾನು ಹೇಳಿದ್ದು ಸರಿ."

ಪರಿಸ್ಥಿತಿ ಬದಲಾಗಿದೆ, ಎಂದೆ.

"ಪರಿಸ್ಥಿತಿ ಪಾಪ ಹಾಗೇ ಇದೆ. ನಾಳೆ ಎಲ್ಲರ ಮುಂದೆ ಪ್ರಸ್ತಾಪ ನೀನೇ ಮಂಡಿಸು. ಗಟ್ಟಿಯಾಗಿ. ನಿಮ್ಮ ಭಾವನಿಗೂ ಕೇಳಿಸ್ಬೇಕು. ಆಗ ಇಕ್ಕಳ ಹಿಡೀತೀನಿ."

ಸೊಕ್ಕು. ಎಲ್ಲಿಂದ ಬರುತ್ತದೋ ಇವರಿಗೆಲ್ಲ. ಹೂಂ ಅನ್ನದೆ ಬಂದೆ.

ಮಾರ್ಚ್ ೧೬, ಭಾನುವಾರ

ಟೈಲರ್, ಹಾಲಿನವಳು, ಮೂಲೆಮನೆ ಅಜ್ಜ, ಇನ್ನೊಂದಷ್ಟು ಜನ. ಭಾವ ಆಗಲೇ ಟೇಪು ಹಿಡಿದು ಶೆಡ್ಡು ಅಳೆಯುತ್ತಿದ್ದರು. ಇಟ್ಟಿಗೆ ಇಡದೆಯೇ ಹೊತ್ತಿಸಿ ನಿಂತೆ. ಕೆಂಪು. ಅಜ್ಜ ಕೇಳಿದರು, "ಇನ್ನೆಷ್ಟು ಹೊತ್ತಪ್ಪಾ? ಊಟ ಮಾಡ್ಕೊಂಡು ಬರ್ಲಾ?" ನರ್ಸ್ ಹೊರಗೆ ಕೈಕಟ್ಟಿ ನಿಂತಿದ್ದಳು. ಟೇಪು ಸರ್ರನೆ ಡಬ್ಬಿಯೊಳಗೆ ಹೋದ ಸದ್ದು. ಭಾವನ ಅಳತೆ ಮುಗಿಯಿತು.

"ಹಿಂದಿನ ಬಾಯಿಗೆ ಇಟ್ಟಿಗೆ ಇಡಬೇಕು ಅಂತ ಪ್ರಸ್ತಾಪ." ಕುಲುಮೆಗೆ ಮಾತ್ರ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ.

"ಕೇಳಿಸ್ಲಿಲ್ಲ," ಹೊರಗಿನಿಂದ.

ಮತ್ತೆ ಹೇಳಿದೆ.

"ಮೊದಲು ಯಾರು ಹೇಳಿದ್ದು?"

ನೀನು, ಎಂದೆ. ಕಾದ ಸರಳನ್ನು ಬರಿಗೈಯಲ್ಲಿ ಹಿಡಿಯುವುದು ಇದಕ್ಕಿಂತ ಸುಲಭ.

ಅವಳ ಕೈ ಮೇಲೆದ್ದಿತು. ನನ್ನದು. ಟೈಲರ್, ಹಾಲಿನವಳು, ಅಜ್ಜ — ಏನು ಎತ್ತ ಎಂದು ತಿಳಿಯದೆಯೇ. ಭಾವನ ಕೈಯೂ. ನಿಮಗೆ ಓಟಿಲ್ಲ, ಎಂದೆ. "ಇರ್ಲಿ ಬಿಡಪ್ಪಾ, ಎತ್ತಿದ್ದು ನನ್ನ ಕೈ ತಾನೇ?"

ಹಳದಿ. ಅವಳು ಹಿಡಿದಳು, ನಾನು ಹೊಡೆದೆ. ಸೊಟ್ಟ ಉಳಿ. ಆದರೂ ಉಳಿ. ತಣ್ಣಗಾದ ಮೇಲೆ ಭಾವ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಜೋಕು ಸಿಗಲಿಲ್ಲವೇನೋ. "ಪೈಪು ಹೊರಗೇ ಇರ್ಲಿ," ಅಂದು ಹೋದರು.

ಮಾರ್ಚ್ ೧೭, ಬೆಳಿಗ್ಗೆ

ಶೆಡ್ಡಿನಲ್ಲಿ ಸದ್ದು. ಕುಲುಮೆ ಹೊತ್ತಿದೆ. ನನ್ನನ್ನು ಕೇಳದೆ! ನನ್ನ ಕೋಣೆಯ ಕಿಟಕಿಯಿಂದ ನೋಡಿದರೆ ಭಾವನ ಕೈಯಲ್ಲಿ ಸುತ್ತಿಗೆ, ಅಕ್ಕನ ಕೈಯಲ್ಲಿ ಇಕ್ಕಳ.

"ನೆಟ್ಟಗೆ ಹಿಡ್ಕೊಳ್ಳೇ."

"ನೀವು ನೆಟ್ಟಗೆ ಹೊಡೀರಿ, ನನ್ನ ಕೈ ಬಿಟ್ಟು."

ಠಣ್. ಠಣ್. ಕೆಂಪಿರುವಾಗಲೇ ಬಡಿಯುತ್ತಿದ್ದಾರೆ, ದಡ್ಡರು. ಸದ್ದಿನಲ್ಲೇ ತಿಳಿಯುತ್ತದೆ. ಸಿಲಿಂಡರನ್ನು ನೀರಿಗೂ ಇಟ್ಟಿಲ್ಲ. ಯಾರಾದರೂ ಹೋಗಿ ಹೇಳಬೇಕು — ಅವಸರ ಬೇಡ, ಹಳದಿಗೆ ಬರಲಿ, ಒಳಗೆ ಸರಳೇ ಕಾಣದಂತಾಗಲಿ, ಆಮೇಲೆ ಸುತ್ತಿಗೆಯನ್ನು... ಅಯ್ಯೋ, ಹಾಗಲ್ಲ, ತಡೀರಿ —